ಒಂದು ಗೆರೆ, ಇಡೀ ರಂಗೋಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಗಾಂಧಿ ಬಜಾರಿನಲ್ಲಿ ಹೂ ಮಾರುವ ಅಮ್ಮ ಒಬ್ಬರು ನನಗೆ ಬಹಳ ದಿನದ ಪರಿಚಯ. ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅವರ ಬ್ಯಾಂಕ್ ಖಾತೆ ಫ್ರೀಜ್ ಆಯಿತು. ಸೇವಂತಿಗೆ ಕೊಂಡವರು ಯಾರೋ ಕಳಿಸಿದ ದುಡ್ಡು ಮೋಸದ್ದಂತೆ. "ನಾನೇನಮ್ಮ ಮಾಡ್ದೆ, ಹೂ ತಾನೇ ಮಾರಿದ್ದು?" ಅಂದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮೋಸದ ಖಾತೆಯನ್ನು ಕಂಪ್ಯೂಟರ್ ಯಂತ್ರ ಹೇಗೆ ಹುಡುಕುತ್ತದೆ ಅಂತ ತಿಳಿಯಲು ಮನಸ್ಸಿನಲ್ಲೇ ಒಂದು ರಂಗೋಲಿ ಹಾಕಿಕೊಳ್ಳಿ. ಒಂದೊಂದು ಖಾತೆಯೂ ಒಂದು ಚುಕ್ಕಿ. ದುಡ್ಡು ಹೋಗಿ ಬಂದಲ್ಲಿ ಗೆರೆ. ಹೂವಿನಮ್ಮನಿಗೆ 20 ಗಿರಾಕಿಗಳಿದ್ದು, ಅವರವರೊಳಗೆ ಕೊಡು-ಕೊಳ್ಳುವುದು ಇಲ್ಲದಿದ್ದರೆ ಇರುವುದು 20 ಗೆರೆ, ನಕ್ಷತ್ರದ ಹಾಗೆ. ಅದೇ 21 ಜನ ಎಲ್ಲರೂ ಎಲ್ಲರೊಡನೆ ವ್ಯವಹರಿಸಿದರೆ 210 ಗೆರೆ. ಹೆಚ್ಚಿನ ಚುಕ್ಕಿಗಳಲ್ಲಿ, ನೆರೆಯ ಚುಕ್ಕಿಗಳು ಹೆಚ್ಚಿದ ಹಾಗೆ ಸುತ್ತಲಿನ ಗೆರೆಗಳ ಎಣಿಕೆ ಈ ಎರಡರ ನಡುವೆ ಒಂದು ಗತಿಯಲ್ಲಿ ಬೆಳೆಯುತ್ತದೆ. ಆ ಗತಿ ತಪ್ಪಿದ ಚುಕ್ಕಿಯನ್ನು ಯಂತ್ರ ಹೆಕ್ಕುತ್ತದೆ. ಸಂಶೋಧಕರಾದ ಲೆಮನ್ ಅಕೊಗ್ಲು, ಮೇರಿ ಮೆಕ್‌ಗ್ಲೋಹನ್, ಕ್ರಿಸ್ಟೋಸ್ ಫಲೂಟ್ಸೋಸ್ ಈ ಎಣಿಕೆಯಿಂದ ಕಟ್ಟಿದ 'ಆಡ್‌ಬಾಲ್' ವಿಧಾನ 2010ರಲ್ಲಿ ಮಂಡನೆಯಾದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲೇ. ಉದಾಹರಣೆಗಳಿಂದ ತಾವೇ ಕಲಿಯುವ ಈಚಿನ ಕೆಲವು ಕಂಪ್ಯೂಟರ್ ನರಜಾಲಗಳ (ನ್ಯೂರಲ್ ನೆಟ್‌ವರ್ಕ್) ದಾರಿ ಬೇರೆ: ಇಡೀ ರಂಗೋಲಿಯನ್ನು ಅಡಕವಾಗಿ ಕಲಿತು ಮತ್ತೆ ಬಿಡಿಸುತ್ತವೆ, ಬಿಡಿಸಲು ಬಾರದ ಚುಕ್ಕಿಯ ಮೇಲೆ ಅನುಮಾನ ಪಡುತ್ತವೆ.

ಆದರೆ ನೋಡಿ, ಮೋಸದ ದುಡ್ಡು ದಾಟಿಸುವ ಬಾಡಿಗೆ ಖಾತೆಯೂ ನಕ್ಷತ್ರವೇ! ಅಲ್ಲಿಗೂ ಅಪರಿಚಿತರಿಂದಲೇ ದುಡ್ಡು ಬರುತ್ತದೆ. ಬೇರೆ ಕಾಣಬೇಕಾದರೆ ಇನ್ನೂ ಸ್ವಲ್ಪ ನೋಡಬೇಕು. ಬಾಡಿಗೆ ಖಾತೆಗೆ ಬಂದ ದೊಡ್ಡ ಮೊತ್ತ ನಿಮಿಷಗಳಲ್ಲೇ ಇನ್ನೊಂದು ಖಾತೆಗೆ ಜಾರುತ್ತದೆ. ಹೂವಿನಮ್ಮನಿಗೆ ಬರುವುದು ಮೂವತ್ತು, ನಲವತ್ತು ರೂಪಾಯಿ. ಹೋಗುವುದು ನಸುಕಿನಲ್ಲಿ ಕೆ.ಆರ್. ಮಾರ್ಕೆಟ್ಟಿನ ಸಗಟು ವ್ಯಾಪಾರಿಗೆ. ಅವರನ್ನು ಬೇರೆ ಹೂವಿನವರ ಜೊತೆ ಹೋಲಿಸಬೇಕು, ವೈಟ್‌ಫೀಲ್ಡಿನ ಸಂಬಳದಾರರ ಜೊತೆಗಲ್ಲ.

ಇನ್ನೊಂದು ಲೆಕ್ಕವಿದೆ, ಇದು ನನಗೆ ಭಯ ಹುಟ್ಟಿಸುತ್ತದೆ. ಒಂದು ಲಕ್ಷ ಖಾತೆಗಳಲ್ಲಿ 10 ಮಾತ್ರ ಮೋಸದವು ಅಂದುಕೊಳ್ಳಿ. ನೂರು ಅಮಾಯಕರಲ್ಲಿ ಒಬ್ಬರನ್ನಷ್ಟೇ ತಪ್ಪಾಗಿ ಹಿಡಿಯುವ ಯಂತ್ರವೂ ಸುಮಾರು 1,000 ಅಮಾಯಕರ ಕಡೆ ಬೆರಳು ತೋರಿಸುತ್ತದೆ. ಆ ಪಟ್ಟಿ ವಿಚಾರಣೆಗೆ ಮೊದಲ ಮೆಟ್ಟಿಲಷ್ಟೇ ಆಗಬೇಕು. ಖಾತೆಗೆ ಬೀಗ ಹಾಕುವ ಮುನ್ನ ಮನುಷ್ಯರೊಬ್ಬರು ಕೂತು ನೋಡಲೇಬೇಕು.

ಹೂವಿನಮ್ಮನ ವಿಷಯದಲ್ಲಿ ಒಂದು ಗೆರೆ ಹಿಡಿದು ಬಂದವರು ಸುತ್ತಲಿನ ರಂಗೋಲಿ ನೋಡಲಿಲ್ಲ. ಖಾತೆ ಮತ್ತೆ ತೆರೆಯುವ ಹೊತ್ತಿಗೆ ಗೌರಿ ಹಬ್ಬವೂ ಕಳೆದಿತ್ತು. ಎರಡು ಹಬ್ಬದ ಹೂವನ್ನೂ ಅವರು ಬಡ್ಡಿ ಸಾಲದಲ್ಲೇ ತಂದು ಮಾರಿದ್ದರು.