ನನ್ನ ಪಗಾರಕ್ಕೊಂದು ಫಂಕ್ಷನ್

ನಮಸ್ಕಾರ್ರಿ. ಈಗ ಕಾಣುತ್ತಿರುವುದು ಬೆಳಗಾವಿಯ ಉದ್ಯಮಬಾಗ್. ಜಿಟಿಜಿಟಿ ಮಳೆ, ಶಿಫ್ಟ್ ಬಿಟ್ಟ ಗದ್ದಲ. ಇಲ್ಲೇ ಒಂದು ವರ್ಕ್‌ಶಾಪ್‌ನಲ್ಲಿ ನಾನು ಲೇಥ್ ಅನ್ನುವ, ಲೋಹ ಕಡೆಯುವ ಯಂತ್ರದ ಮೇಲೆ ಕೆಲಸ ಮಾಡುತ್ತೇನೆ. ಗಂಟೆ ಲೆಕ್ಕದ ಪಗಾರ. ಗಂಟೆಗೆ 80 ರೂಪಾಯಿ ಅಂದುಕೊಳ್ಳಿ. ನಿಜವಾದ ರೇಟ್ ಹೇಳಿದರೆ ಮನೆಯಲ್ಲಿ ಬೈತಾರೆ.

ಅಕ್ಕನ ಮಗಳು ಪಿಯುಸಿಯಲ್ಲಿ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಾಳೆ. "ಮಾಮಾ, ನಿನ್ನ ಪಗಾರಕ್ಕ ಒಂದು ಫಂಕ್ಷನ್ ಬರಿಯೂಣು" ಅಂದಳು. ಫಂಕ್ಷನ್ ಅಂದರೆ ಹಿಟ್ಟಿನ ಗಿರಣಿ ಇದ್ದ ಹಾಗೆ. ಮೇಲೆ ಜೋಳ ಸುರಿದರೆ ಕೆಳಗೆ ಹಿಟ್ಟು. ಇಲ್ಲಿ ಗಂಟೆ ಸುರಿದರೆ ರೂಪಾಯಿ. ಪಗಾರ ಅಂದರೆ 80 ಗುಣಿಸು ಗಂಟೆ, ಒಂದೇ ಸಾಲು. ಪೈಥಾನ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಬರೆದರೂ ನಡೆಯುತ್ತದೆ, ಗೊತ್ತಿತ್ತಾ?

48 ಗಂಟೆ ಹಾಕಿದೆವು, 3,840 ಬಂತು. ಸರಿ. ಆದರೆ ಹೋದ ವಾರ ನಾನು ಮಾಡಿದ್ದು 54 ಗಂಟೆ. ಓವರ್‌ಟೈಮ್, ಅಂದರೆ ಓಟಿ ಲೆಕ್ಕ ಬೇಡವಾ? 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು: ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದರೆ, ದಾಟಿದ ಹೊತ್ತಿಗೆ ಎರಡು ಪಟ್ಟು ಕೂಲಿ.

ನಾನು ಜಾಣನ ಹಾಗೆ ಬರೆದೆ: ಗಂಟೆ 48ಕ್ಕಿಂತ ಜಾಸ್ತಿ ಇದ್ದರೆ 160ರಿಂದ ಗುಣಿಸು. ಅವಳು ಸುಮ್ನೆ 48.5 ಹಾಕಿದಳು. 7,760 ರೂಪಾಯಿ! ಅರ್ಧ ಗಂಟೆ ಹೆಚ್ಚು ನಿಂತಿದ್ದಕ್ಕೆ 3,920 ಜಾಸ್ತಿ. "ಹಿಂಗ ಕೊಟ್ರ ನಿಮ್ಮ ಮಾಲಕರು ಶಟರ್ ಎಳಕೊಂಡು ಹೋಗ್ತಾರ ಮಾಮಾ" ಅಂತ ನಕ್ಕಳು. ನಾನು ಮೊದಲಿನ 48 ಗಂಟೆಗೂ ಎರಡು ಪಟ್ಟು ಕೊಟ್ಟುಬಿಟ್ಟಿದ್ದೆ. 3,840 ಹಾಗೇ ಇರಬೇಕು, ಮೇಲಿನ ಆರು ಗಂಟೆಗೆ ಮಾತ್ರ 160. ಅಂದರೆ 960. ಒಟ್ಟು 4,800. ಗ್ರಾಫ್ ತೆಗೆದರೆ ಗೆರೆ 48ರ ಹತ್ತಿರ ಎಲ್ಲೂ ತುಂಡಾಗುವುದಿಲ್ಲ, ಅಲ್ಲಿಂದ ಏರು ಮಾತ್ರ ಕಡಿದಾಗುತ್ತದೆ.

ಅಷ್ಟಕ್ಕೂ ಮುಗಿಯಲಿಲ್ಲ. ಸೋಮವಾರ 11 ಗಂಟೆ ದುಡಿದು, ಶನಿವಾರ ರಜೆ ಹಾಕಿ, ಉಳಿದ ನಾಲ್ಕು ದಿನ ಎಂಟೆಂಟು ಗಂಟೆ ಮಾಡಿದರೆ? ವಾರಕ್ಕೆ ಬರೀ 43. ನಮ್ಮ ಫಂಕ್ಷನ್‌ಗೆ ಓಟಿ ಕಾಣುವುದೇ ಇಲ್ಲ. ಆದರೆ ಆ 1948ರ ಕಾಯ್ದೆಯ ಲೆಕ್ಕದಲ್ಲಿ ಸೋಮವಾರ 9 ದಾಟಿದ ಎರಡು ಗಂಟೆ ಓಟಿಯೇ, 160 ರೂಪಾಯಿ ಜಾಸ್ತಿ ಬರಬೇಕು. ಒಂದು ಸಂಖ್ಯೆ ಸಾಲದು, ದಿನದಿನದ ಪಟ್ಟಿಯೇ ಬೇಕು. ಇದಕ್ಕೇ ರಾತ್ರಿ ಹನ್ನೊಂದಾಯಿತು. ಅಕ್ಕ ಎರಡು ಸಲ ಊಟಕ್ಕೆ ಕರೆದು, ಮೂರನೇ ಸಲಕ್ಕೆ ಲೈಟೇ ಆರಿಸಿದಳು.

ಮರುದಿನ ಹೋದ ವಾರದ ಪಗಾರದ ಚೀಟಿ ಹುಡುಕಿದೆ. ಅದರಲ್ಲಿ 4,320 ಅಂತಿದೆ. ಅಂದರೆ 54 ಗುಣಿಸು 80. ನಮ್ಮ ಮೊದಲನೇ ಸಾಲು! ಮೊಬೈಲ್‌ನಲ್ಲಿದ್ದ ನಮ್ಮ ಫಂಕ್ಷನ್ ಸೂಪರ್‌ವೈಸರ್‌ಗೆ ತೋರಿಸಿದೆ. ಎರಡು ನಿಮಿಷ ಮೊಬೈಲ್ ನೋಡಿ, "ಇದನ್ನ ನನಗೂ ಕಳಸೋ, ನನ್ನ ಚೀಟೀನೂ ಹಾಕಿ ನೋಡ್ತೀನಿ" ಅಂದರು.