ಫಾಲ್ಸ್ ಸೀಲಿಂಗ್ ಬಿಡಿ, ಸಂಪಿನ ಮುಚ್ಚಳ ತೆಗೀರಿ

ನಮಸ್ಕಾರ. ಹಳೇ ಮನೆ ತೆಗೆದುಕೊಂಡು, ರಿಪೇರಿ ಮಾಡಿಸಿ, ಬಾಡಿಗೆಗೆ ಕೊಡಬೇಕು ಅನ್ನೋರಿಗೆ ಇವತ್ತು ನನ್ನದೇ ದಡ್ಡತನದ ಕಥೆ ಹೇಳುತ್ತೇನೆ.

2019ರಲ್ಲಿ ಹಳೇ ಹುಬ್ಬಳ್ಳಿಯಲ್ಲಿ ಒಂದು ಮನೆ ತೆಗೆದುಕೊಂಡೆ. ನಾಲ್ಕು ಲಕ್ಷ ಸುರಿದೆ. ಪಡಸಾಲೆಗೆ ಫಾಲ್ಸ್ ಸೀಲಿಂಗ್, ಅದರೊಳಗೆ ನೀಲಿ ಲೈಟು, ಒಂದು ಗೋಡೆಗೆ ಟೆಕ್ಸ್ಚರ್ ಪೇಂಟು. ಮನೆ ನೋಡಲು ಗಂಡ-ಹೆಂಡತಿ ಬಂದರು. ಗಂಡ ತಲೆ ಎತ್ತಿ ಲೈಟು ನೋಡುತ್ತಾ ನಿಂತ. ಅಕ್ಕಾವರು ಮಾತ್ರ ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಸೀದಾ ಹಿತ್ತಲಿಗೆ ಹೋದರು.

"ನೀರು ಎಷ್ಟ್ ದಿವ್ಸಕ್ಕೊಮ್ಮೆ ಬರ್ತೈತ್ರಿ ಅಣ್ಣಾರ?"

ಐದು ದಿನಕ್ಕೊಮ್ಮೆ ಅಂದೆ.

"ಮತ್ತ ಸಂಪ್ ಎಲ್ಲೈತ್ರಿ?"

ಸಂಪು ಇರಲಿಲ್ಲ. ಮೇಲಿದ್ದ ಸಾವಿರ ಲೀಟರಿನ ಕರಿ ಟಾಕಿ ತೋರಿಸಿದೆ. ಅದನ್ನೇ ಒಂದು ಗಳಿಗೆ ನೋಡಿದರು, ಗಂಡನ್ನ ಕರೆದುಕೊಂಡು ಹೊರಟರು. ಆಮೇಲೆ ಮೂರು ತಿಂಗಳು ಮನೆ ಖಾಲಿ.

ಸುಮ್ನೆ ಲೆಕ್ಕ ಹಾಕಿ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಮಾನದಂಡ. ನಮ್ಮ ಮಂದಿ ಕೈ ಹಿಡಿದು ಬಳಸುತ್ತಾರೆ, 100 ಅಂತಲೇ ಇಟ್ಟುಕೊಳ್ಳಿ. ನಾಲ್ಕು ಜನ, ಐದು ದಿನ, 2,000 ಲೀಟರ್. ನನ್ನ ಟಾಕಿ ಎರಡೂವರೆ ದಿನಕ್ಕೆ ಖಾಲಿ, ಉಳಿದ ಎರಡೂವರೆ ದಿನ ಅವರು ನೀಲಿ ಲೈಟು ನೋಡುತ್ತಾ ಕೂರಬೇಕಿತ್ತು. ಈ ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ 24 ತಾಸು ನೀರಿನ ಯೋಜನೆ ಬಂತು, ಆದರೆ ಎಲ್ಲ ಓಣಿಗೂ ಆ ಪುಣ್ಯ ಸಿಗಲಿಲ್ಲ. ಹಾಗಾಗಿ ಮನೆ ತೆಗೆದುಕೊಳ್ಳೋ ಮೊದಲು ಏಜೆಂಟ್ ಮಾತು ಬಿಟ್ಟು, ಪಕ್ಕದ ಮನೆಯ ಅಜ್ಜಿಯನ್ನು ಕೇಳಿ.

ಐದು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಆಳದ ಸಂಪಿಗೆ ಸುಮಾರು 2,800 ಲೀಟರ್ ಹಿಡಿಸುತ್ತದೆ. ಇಷ್ಟೇ ಸಾಕಿತ್ತು. ಆದರೆ ಹುಬ್ಬಳ್ಳಿಯ ಎರೆಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಇಟ್ಟಿಗೆಯಲ್ಲಿ ಕಟ್ಟಿದರೆ ಸಂಪು ಸೀಳುತ್ತದೆ, ಆರ್‌ಸಿಸಿನೇ ಬೇಕು. ನಮ್ಮ ಗೌಂಡಿ ಹೇಳಿದ, "ಎರಿ ಭೂಮಿ ಉಸಿರಾಡ್ತೈತ್ರಿ ಸಾಹೇಬ್ರ."

ಈಗ ದುಡ್ಡು. ನನ್ನ ಪ್ರಕಾರ ಸಾಲ ಮಾಡಿಯಾದರೂ ಮಾಡಿಸಬೇಕಾದದ್ದು ನೀರು, ಸೋರಿಕೆ, ಬಚ್ಚಲು, ವೈರಿಂಗ್. ಚಂದ ಕಾಣೋದಕ್ಕೆ ಸಾಲ ಬೇಡ, ಮಾಡಿಸಲೇಬೇಕು ಅಂದರೆ ಕೈಲಿರೋ ದುಡ್ಡಲ್ಲಿ ಮಾಡಿಸಿ. ಸಿಕ್ಕಿಹಾಕಿಕೊಳ್ಳೋದು ಹೇಗೆ ಗೊತ್ತಾ? 25 ಲಕ್ಷದ ಮನೆ ಅಂದುಕೊಳ್ಳಿ. 30 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ 90%ವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ. ಕೊಡಬಹುದು ಅಷ್ಟೇ, ಕೊಟ್ಟೇ ಕೊಡುತ್ತಾರೆ ಅಂತಲ್ಲ, ಹಳೇ ಮನೆ ನೋಡಿದರೆ ಬೆಲೆ ಕಟ್ಟೋಕೆ ಬರೋ ಬ್ಯಾಂಕಿನ ವ್ಯಾಲ್ಯುಯರ್ ಮುಖ ಸಣ್ಣದು ಮಾಡುತ್ತಾನೆ. ನೋಂದಣಿ ಖರ್ಚಂತೂ ನಿಮ್ಮ ಜೇಬಿನದೇ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2%ಗೆ ಏರಿತು. ಸ್ಟ್ಯಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿ 7.6%, ಅಂದರೆ 1.9 ಲಕ್ಷ. ಇಷ್ಟೆಲ್ಲ ಕೊಟ್ಟು ಕೈ ಬರಿದಾದಾಗ ಫೋನಿಗೆ ಮೆಸೇಜ್ ಬರುತ್ತದೆ, ನಿಮಗೆ ಪರ್ಸನಲ್ ಲೋನ್ ಮಂಜೂರಾಗಿದೆ ಅಂತ.

ನಾನು ಬಿದ್ದದ್ದು ಅಲ್ಲೇ. 4 ಲಕ್ಷ, 14% ಬಡ್ಡಿ, ಐದು ವರ್ಷ, ತಿಂಗಳಿಗೆ 9,300. ಮನೆ ಸಾಲದ ಕಂತು ಬೇರೆ. ಅದೇ ದುಡ್ಡು ಮನೆ ರಿಪೇರಿ ಸಾಲವಾಗಿ 9.5%ಗೆ, ಹತ್ತು ವರ್ಷಕ್ಕೆ ಸಿಕ್ಕಿದ್ದರೆ ಕಂತು 5,200ರ ಆಸುಪಾಸು. ಪೂರ್ತಿ ಹತ್ತು ವರ್ಷ ಎಳೆದರೆ ಒಟ್ಟು ಬಡ್ಡಿ ಜಾಸ್ತಿಯೇ ಆಗುತ್ತದೆ, ಸುಳ್ಳು ಹೇಳೋದಿಲ್ಲ. ಆದರೆ ಫ್ಲೋಟಿಂಗ್ ಬಡ್ಡಿಯ, ಅಂದರೆ ಬಡ್ಡಿ ದರ ಏರಿಳಿಯೋ ಮನೆ ಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ, ಕೈಗೆ ಬಂದಾಗ ಕಟ್ಟುತ್ತಾ ಹೋಗಬಹುದು. ಈ ರಿಪೇರಿ ಸಾಲಕ್ಕೆ ಎಂಜಿನಿಯರ್ ಎಸ್ಟಿಮೇಟ್ ಬೇಕು, ಉತಾರ (ಆಸ್ತಿಯ ದಾಖಲೆ) ಸರಿ ಇರಬೇಕು, ನಾಲ್ಕು ಸಲ ಓಡಾಡಬೇಕು. ಆ ಓಡಾಟಕ್ಕೆ ಬೇಸರ ಮಾಡಿಕೊಂಡು ನಾನು ಫೋನಲ್ಲಿ ಬಟನ್ ಒತ್ತಿದೆ.

ಇನ್ನೊಂದು, ಬಿಲ್ಲು. ಸಂಪು, ಸ್ಲ್ಯಾಬಿನಂಥ ಖರ್ಚನ್ನು ಬಿಲ್ಲು ತೋರಿಸಿ ಮನೆ ಕೊಂಡ ಬೆಲೆಗೆ ಸೇರಿಸಿದರೆ ಮಾರುವಾಗ ಲಾಭದ ಮೇಲಿನ ತೆರಿಗೆ ಕಡಿಮೆ ಆಗುತ್ತದೆ. ಸುಣ್ಣ-ಬಣ್ಣಕ್ಕೆ ಆ ಸವಲತ್ತಿಲ್ಲ. ನಾನು ಶನಿವಾರದ ಬಟವಾಡೆಯನ್ನೆಲ್ಲ ನಗದು ಕೊಟ್ಟು, ಲೆಕ್ಕವನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೆ. ಹೊಸ ವರ್ಷಕ್ಕೆ ಕ್ಯಾಲೆಂಡರ್ ರದ್ದಿಗೆ ಹೋಯಿತು.

ಕೊನೆಗೆ ಮನೆಯವಳ ಬಂಗಾರ ಒತ್ತೆ ಇಟ್ಟು ಸಂಪು ಕಟ್ಟಿಸಿದೆ. ಆ ವಾರವೇ ಬಾಡಿಗೆಗೆ ಹೋಯಿತು.

ಕಳೆದ ತಿಂಗಳು ಧಾರವಾಡದ ಸಪ್ತಾಪುರದಲ್ಲಿ ಒಂದು ಮನೆ ನೋಡಿದೆ. ಕೋಚಿಂಗ್ ಹುಡುಗರು ತುಂಬಿರೋ ಜಾಗ, ಬಾಡಿಗೆದಾರರಿಗೆ ಬರ ಇಲ್ಲ. ಮಾಲೀಕರು ಮಾಡ್ಯುಲರ್ ಕಿಚನ್ನಿನ ಒಂದೊಂದೇ ಡ್ರಾಯರ್ ಎಳೆದು ತೋರಿಸಿದರು. ನಾನು ಸಂಪಿನ ಮುಚ್ಚಳ ತೆಗೆಸಿ ಅಂದೆ. ಅವರು ಅಂಗಳದ ತುಂಬ ಹಾಕಿಸಿದ ಹೊಸ ಟೈಲ್ಸನ್ನೇ ನೋಡುತ್ತಾ ತಲೆ ಕೆರೆದುಕೊಂಡರು. "ಇಲ್ಲೇ ಎಲ್ಲೋ ಕೆಳಗ ಐತ್ರಿ."