ಪೈಲಟ್ ಇಲ್ಲದ ಡ್ರೋನ್‌ನಲ್ಲಿ ಗಾಯಾಳು ಸೈನಿಕ: ಐದು ಕಿಲೋಮೀಟರ್ ದಾಟುವುದು ಹೇಗೆ?

[ದೃಶ್ಯ: ಹೊಲದ ಅಂಚು, ಸ್ಟ್ರೆಚರ್, ಎಂಟು ಫ್ಯಾನಿನ ಡ್ರೋನ್]

ತೊಡೆಗೆ ಗುಂಡು ಬಿದ್ದಿದೆ. ರಕ್ತ ನಿಲ್ಲಲು ಟೂರ್ನಿಕೆ ಪಟ್ಟಿ ಬಿಗಿದಾಗಿದೆ. ಡಾಕ್ಟರು ಇರುವುದು ಐದು ಕಿಲೋಮೀಟರ್ ಆಚೆ, ದಾರಿ ಪೂರ್ತಿ ಶತ್ರುವಿನ ಕಣ್ಣಳತೆಯಲ್ಲಿ. ಡ್ರೋನ್ ಕಳಿಸಬಹುದಾ?

ಸಾಮಾನು ಹೊರುವುದು ಹಳೆಯ ಮಾತು. 2011ರ ಡಿಸೆಂಬರ್‌ನಲ್ಲೇ ಅಫ್ಘಾನಿಸ್ತಾನದಲ್ಲಿ ಪೈಲಟ್ ಇಲ್ಲದ ಕೆ-ಮ್ಯಾಕ್ಸ್ ಹೆಲಿಕಾಪ್ಟರ್ ಅಮೆರಿಕದ ಸೈನಿಕರಿಗೆ ಸಾಮಾನು ಇಳಿಸಿತ್ತು. 2018ರಲ್ಲಿ ಇಸ್ರೇಲ್‌ನ ಕಾರ್ಮೊರಂಟ್ ಎಂಬ ಡ್ರೋನ್ ಗಾಯಾಳುವಿನ ಜಾಗದಲ್ಲಿ ಗೊಂಬೆ ಮಲಗಿಸಿಕೊಂಡು ಹಾರಿ ತೋರಿಸಿತು. ಜೀವ ಇರುವವರನ್ನು ಮಲಗಿಸಿದಾಗ ಲೆಕ್ಕವೇ ಬೇರೆ.

[ಗ್ರಾಫಿಕ್: ಬ್ಯಾಟರಿ]

ಬ್ಯಾಟರಿಯೂ ಸೇರಿ 150 ಕೆಜಿ ತೂಗುವ ಡ್ರೋನ್ ಅಂದುಕೊಳ್ಳಿ. 1.2 ಮೀಟರ್ ಅಗಲದ ಎಂಟು ಫ್ಯಾನ್, 40 ಕೆಜಿ ಬ್ಯಾಟರಿ, ಅದರಲ್ಲಿ ಸುಮಾರು 8 ಯೂನಿಟ್ ಕರೆಂಟು. ಖಾಲಿ ಹೋಗುವಾಗ ಹೆಚ್ಚುಕಡಿಮೆ 19 ಕಿಲೋವ್ಯಾಟ್ ಎಳೆಯುತ್ತದೆ. 100 ಕೆಜಿಯ ಸೈನಿಕ ಏರಿದರೆ 40. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗಿಬಂದರೆ 5 ಯೂನಿಟ್ ಮುಗಿಯಿತು. ಬರುವಾಗ 30 ಕಿಲೋಮೀಟರ್ ವೇಗದ ಎದುರುಗಾಳಿ ಸಿಕ್ಕಿತೋ, ಐದು ನಿಮಿಷದ ದಾರಿ ಹತ್ತು ನಿಮಿಷವಾಗಿ ಬ್ಯಾಟರಿ ತಳ ಕಾಣುತ್ತದೆ. ಆದ್ದರಿಂದ ಗಾಳಿ ನೋಡದೆ ಹೊರಡಿಸಲೇಬಾರದು.

[ಹತ್ತಿರದ ದೃಶ್ಯ: ಪಟ್ಟಿಗಳು]

ಫ್ಯಾನ್ ಪೂರ್ತಿ ನಿಂತ ಮೇಲೆ ಹತ್ತಿರ ಹೋಗಿ. ಎದೆ, ಸೊಂಟ, ಮಂಡಿ, ಮೂರೂ ಕಡೆ ಪಟ್ಟಿ ಹಾಕಿ. ಹೊಕ್ಕುಳು ಚೌಕಟ್ಟಿನ ನಡುಗೆರೆಗೆ ಬರಲಿ. ಒಂದು ಗೇಣು ಸರಿದರೂ ಒಂದು ಬದಿಯ ಮೋಟರುಗಳು ಹೆಚ್ಚು ದುಡಿದು ಬಿಸಿಯಾಗುತ್ತವೆ. ಕಂಬಳಿ ಹೊದಿಸಿ, ಅಂಚನ್ನು ಪಟ್ಟಿಯೊಳಗೆ ಸಿಕ್ಕಿಸಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ; ಬಿಟ್ಟ ಅಂಚು ಫ್ಯಾನಿಗೆ ಸಿಕ್ಕೀತು.

ಜಿಪಿಎಸ್ ಜಾಮ್ ಆಗಿದೆ ಎಂದೇ ಲೆಕ್ಕ ಹಾಕಬೇಕು. ಆಗ ಡ್ರೋನ್ ಕೆಳಗಿನ ನೆಲವನ್ನು ಕ್ಯಾಮೆರಾದಲ್ಲಿ ನೋಡಿ, ಮೊದಲೇ ತುಂಬಿದ ನಕ್ಷೆಗೆ ಹೋಲಿಸಿಕೊಂಡು ಸಾಗುತ್ತದೆ. ರಾತ್ರಿ, ಮಂಜು, ಹಿಮ ಬಿದ್ದ ನೆಲದಲ್ಲಿ ಇದು ತಪ್ಪುತ್ತದೆ. ಇಳಿಯುವಾಗ ಸಣ್ಣ ವಿದ್ಯುತ್ ತಂತಿಯೂ ಕಣ್ತಪ್ಪಬಹುದು.

ಎಲ್ಲಕ್ಕಿಂತ ನಮ್ಮನ್ನು ಕಾಡುವುದು ಉಸಿರಿನ ದಾರಿ. ಪ್ರಜ್ಞೆ ಇಲ್ಲದವರು ವಾಂತಿ ಮಾಡಿಕೊಂಡರೆ ತಲೆ ಹೊರಳಿಸಲು ಪಕ್ಕದಲ್ಲಿ ಯಾರೂ ಇಲ್ಲ. ಗಂಟಲಿಗೆ ಟ್ಯೂಬ್ ಹಾಕದೆ ಅಂಥವರನ್ನು ಒಬ್ಬರೇ ಕಳಿಸಬಾರದು. ಉಕ್ರೇನ್ ಪಡೆಗಳು ನೆಲದ ರೋಬೋಟ್ ಗಾಡಿಗಳಲ್ಲೂ ಗಾಯಾಳುಗಳನ್ನು ತರುತ್ತಿವೆ. ಅಲ್ಲೂ ಪಕ್ಕದಲ್ಲಿ ಆರೈಕೆಗೆ ಜನವಿಲ್ಲ, ಆದರೆ ಗಾಡಿ ಕೆಟ್ಟರೆ ಆಕಾಶದಿಂದ ಬೀಳುವುದಿಲ್ಲ.

ಕೊನೆಯದಾಗಿ, ಟೂರ್ನಿಕೆ ಬಿಗಿದ ಹೊತ್ತನ್ನು ಮಾರ್ಕರ್‌ನಲ್ಲಿ ಹಣೆಯ ಮೇಲೆಯೇ ಬರೆಯಿರಿ. ಚೀಟಿ ಗಾಳಿಗೆ ಹಾರಿಹೋಗುತ್ತದೆ.